ಸೋದರಮಾವನ ಜೀಪಿಗೆ ಪರದೇಶದ ಪಾಯಿಂಟು

ಹಳೆಯ ಮಿಲಿಟರಿ ಜೀಪೊಂದನ್ನು ಹೊಸದರಂತೆ ಮಾಡುವುದು ಕಷ್ಟವೇನಲ್ಲ. ತಾಳ್ಮೆ ಬೇಕು, ಶ್ರದ್ಧೆ ಬೇಕು, ಅಸಲಿ ಬಿಡಿಭಾಗಗಳು ಬೇಕು. ಈ ಮೂರೂ ನನ್ನ ಹತ್ತಿರ ಇವೆ ಎಂದು ಹೊಸೂರಿನ ನಮ್ಮ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ತಾಳ್ಮೆ ನನ್ನ ಹೆಂಡತಿ ಸರೋಜಳದು, ಶ್ರದ್ಧೆ ಮೆಕ್ಯಾನಿಕ್ ಮುನಿರತ್ನಣ್ಣನದು ಎಂದು ಆಮೇಲೆ ಗೊತ್ತಾಯಿತು. ಅಸಲಿ ಬಿಡಿಭಾಗಗಳ ಕಥೆ ಹೇಳುವುದಕ್ಕೇ ಈಗ ಕೂತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಆ ಜೀಪು ನನಗೆ ಸಿಕ್ಕಿದ್ದು ರಾಯಕೋಟೆಯ ರೈತರೊಬ್ಬರ ಕೊಟ್ಟಿಗೆಯಲ್ಲಿ. ಎಂದೋ ಸೈನ್ಯದ ಹರಾಜಿನಲ್ಲಿ ಬಂದದ್ದು, ಆಮೇಲೆ ವರ್ಷಗಟ್ಟಲೆ ಟೊಮೇಟೊ ಹೊತ್ತದ್ದು, ಕೊನೆಗೆ ಕೋಳಿಗಳ ವಶವಾದದ್ದು. ಮನೆಗೆ ತಂದ ದಿನ ಹಿಂದಿನ ಸೀಟಿನಡಿ ಎರಡು ಮೊಟ್ಟೆ ಸಿಕ್ಕವು. ಆ ಜೀಪಿನಿಂದ ನಮ್ಮ ಮನೆಗೆ ಆದ ಲಾಭ ಅಷ್ಟೇ!

ಮುನಿರತ್ನಣ್ಣನ ಶೆಡ್ಡು ರಾಯಕೋಟೆ ರಸ್ತೆಯಲ್ಲಿದೆ. ಅವನು ಇಂಜಿನ್ ಬಿಚ್ಚಿ, ಒಳಗೆಲ್ಲ ಕಣ್ಣಾಡಿಸಿ, ಸವೆದ ಸಾಮಾನುಗಳನ್ನು ಒಂದು ಗೋಣಿಚೀಲದ ಮೇಲೆ ಹರವಿದ.

"ಯೋಚ್ನೆ ಮಾಡ್ಬೇಡಿ ಸಾರ್. ನಮ್ಮ ಹೊಸೂರಲ್ಲಿ ಲೇತಿಗೇನು ಬರವಾ? ಅಳತೆ ಕೊಟ್ರೆ ಸಾಯಂಕಾಲಕ್ಕೆ ಮಾಡ್ಕೊಡ್ತಾರೆ."

"ಮುನಿರತ್ನಣ್ಣ, ಇದು ಚರಿತ್ರೆ. ಚರಿತ್ರೆಯನ್ನ ಲೇತಲ್ಲಿ ಕಡೆಯೋಕಾಗುತ್ತಾ?"

"ಆಯ್ತದೆ ಸಾರ್. ಮೂರು ಇಂಚಿನ ರಾಡ್ ಸಾಕು."

ನಾನು ಒಪ್ಪಲಿಲ್ಲ. ಈ ಜಾತಿಯ ಜೀಪುಗಳ ಸಾಮಾನನ್ನೇ ಮಾರುವ ಅಂಗಡಿಯೊಂದು ಸಮುದ್ರದಾಚೆ ಇರುವುದನ್ನು ಫೋನಿನಲ್ಲಿ ಕಂಡುಹಿಡಿದಿದ್ದೆ. ಅವರು ಕಳಿಸುವ ಡಬ್ಬಿಗಳೇ ಒಂದು ಸೊಗಸು. ಹಸಿರು ಬಣ್ಣ, ಮೇಲೆ ಬಿಳಿ ನಕ್ಷತ್ರ, ಒಳಗೆ ಎಣ್ಣೆ ಕಾಗದ. ಮೊದಲ ಡಬ್ಬಿ ಬಂದ ದಿನ ನಾನು ಅದನ್ನು ಟಿವಿ ಪಕ್ಕದಲ್ಲಿಟ್ಟು ಅರ್ಧ ಗಂಟೆ ನೋಡುತ್ತಾ ಕೂತಿದ್ದೆ. ಸರೋಜ ಟಿವಿ ಆರಿಸಿ ಒಳಗೆ ಹೋದಳು.

ಆ ಡಬ್ಬಿಯಲ್ಲಿದ್ದದ್ದು ಪೆಟ್ರೋಲ್ ಪಂಪಿನೊಳಗಿನ ರಬ್ಬರ್ ಹಾಳೆ. ಹಾಕಿದ ಎಂಟನೆಯ ದಿನ ಜೀಪು ನಿಂತಿತು. ಮುನಿರತ್ನಣ್ಣ ಪಂಪು ಬಿಚ್ಚಿದ. ಹಾಳೆ ನಮ್ಮೂರಿನ ಪೆಟ್ರೋಲ್ ಕುಡಿದು, ಸಾರಿನಲ್ಲಿ ನೆನೆದ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು.

"ಏನ್ ಸಾರ್ ಇದು? ಪೆಟ್ರೋಲಲ್ಲಿ ಇರೋಕೆ ಮಾಡಿರೋ ರಬ್ಬರು, ಪೆಟ್ರೋಲ್ ಕಂಡ್ರೆ ಆಗಲ್ಲ ಅಂತದೆ!"

ನಾನು ಧೃತಿಗೆಡಲಿಲ್ಲ. ಮಾನ್ಯರೇ, ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ ಎಂಬ ಧಾಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಪುಟದ ದೂರು ಬರೆದೆ. ಮೂರನೇ ದಿನ ವಿನಯವಾದ ಉತ್ತರ ಬಂತು. ತಮ್ಮ ಸಾಮಾನಿಗೆಲ್ಲ ಪೂರ್ಣ ಖಾತರಿ ಇದೆಯೆಂದೂ, ಆದರೆ ಅದನ್ನು ವಾಹನಕ್ಕೆ ಜೋಡಿಸಿದ ಕೂಡಲೇ ಆ ಖಾತರಿ ರದ್ದಾಗುತ್ತದೆಂದೂ ತಿಳಿಸಿದ್ದರು!

"ಹಾಗಾದ್ರೆ ಟಿವಿ ಪಕ್ಕದಲ್ಲೇ ಇಟ್ಟಿದ್ದು ಸರಿಯಾಗೇ ಇತ್ತು ಬಿಡಿ," ಎಂದಳು ಸರೋಜ.

ಬುದ್ಧಿವಂತನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದೆ. ನಾನು ಹಟವಂತ. ಮುಂದಿನ ಡಬ್ಬಿಯಲ್ಲಿ ಪೆಟ್ರೋಲ್ ತೋರಿಸುವ ಮುಳ್ಳಿನ ಮೀಟರು ಬಂತು. ಹಾಕಿದ ಕ್ಷಣವೇ ಮುಳ್ಳು ತುಂಬಿದೆ ಎನ್ನುವ ಕಡೆಗೆ ಹೋಗಿ ಕೂತಿತು. ಎಷ್ಟು ಓಡಿಸಿದರೂ ಅಲ್ಲಿಂದ ಕದಲಲಿಲ್ಲ. ನನ್ನ ಜೀಪು ಗಾಳಿಯಲ್ಲೇ ಓಡುತ್ತಿದೆ ಎಂದು ಮೂರು ದಿನ ಸಂತೋಷಪಟ್ಟೆ. ನಾಲ್ಕನೇ ದಿನ ಮಾರ್ಕೆಟ್ಟಿನ ನಡುವೆ ಪೆಟ್ರೋಲ್ ಮುಗಿದು ನಿಂತಾಗ ನನ್ನದೇ ಹತ್ತನೇ ಕ್ಲಾಸಿನ ಮಕ್ಕಳು ತಳ್ಳಿದರು. ಅಂದಿನಿಂದ ಸರೋಜ ತೆಂಗಿನ ಪೊರಕೆಯ ಕಡ್ಡಿಯೊಂದನ್ನು ಸೀಟಿನ ಪಕ್ಕ ಸಿಕ್ಕಿಸಿಟ್ಟಳು. ಟ್ಯಾಂಕಿಗೆ ಇಳಿಬಿಟ್ಟು ನೋಡಿದರೆ ಪೆಟ್ರೋಲ್ ಎಷ್ಟಿದೆ ಎಂದು ಪಕ್ಕಾ ತಿಳಿಯುತ್ತಿತ್ತು. ಆ ಜೀಪಿನಲ್ಲಿ ಒಂದು ದಿನವೂ ಕೆಡದ ಭಾಗವೆಂದರೆ ಆ ಪೊರಕೆ ಕಡ್ಡಿ!

ಮೂರನೆಯದು ಹಾರನ್. ಡಬ್ಬಿಯ ಮೇಲೆ ರಣರಂಗದ ಚಿತ್ರವಿತ್ತು. ಜೋಡಿಸಿದ ಮೇಲೆ ಒತ್ತಿದೆ. ಮೌನ. ಮುನಿರತ್ನಣ್ಣ ಒತ್ತಿದ. ಮೌನ. "ಶತ್ರುಗೆ ಗೊತ್ತಾಗ್ಬಾರ್ದು ಅಂತ ಹಿಂಗೆ ಮಾಡವ್ರೆನೋ ಸಾರ್," ಎಂದ ಅವನು. ಅಂದಿನಿಂದ ನಾನು ತಿರುವುಗಳಲ್ಲಿ ಬಾಯಲ್ಲೇ ಕೂಗಿಕೊಂಡು ಓಡಿಸತೊಡಗಿದೆ.

ಇಷ್ಟರಲ್ಲಿ ನನ್ನ ತಂಗಿ ಲಕ್ಷ್ಮಿಯ ಮಗಳಿಗೆ ಒಂದು ವರ್ಷ ತುಂಬಿ, ಕಿವಿ ಚುಚ್ಚುವ ಶಾಸ್ತ್ರ ಗೊತ್ತಾಯಿತು. ಲಕ್ಷ್ಮಿಯನ್ನು ಕೊಟ್ಟಿರುವುದು ಅಂಚೆಟ್ಟಿಯ ಆಚೆ, ಕಾಡಿನಂಚಿನ ನಾಟ್ರಾಂಪಾಳ್ಯಕ್ಕೆ. ಗಂಡ ಮಾದೇಶ ಅಲ್ಲಿ ಬೇಸಾಯ ಮಾಡುತ್ತಾನೆ. ನಮ್ಮ ಕಡೆ ಕಿವಿ ಚುಚ್ಚಬೇಕಾದರೆ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಓಲೆಯನ್ನೂ ಅವನೇ ತರಬೇಕು. ಜೊತೆಗೆ ಹಣ್ಣು, ಬಳೆ, ಬಟ್ಟೆ, ಬೆಲ್ಲದ ತಟ್ಟೆಗಳು. ತಮಿಳಿನವರ ಬಾಯಿಂದ ನಮ್ಮ ಬಾಯಿಗೂ ಬಂದ ಮಾತಿನಲ್ಲಿ ಹೇಳುವುದಾದರೆ ಸೀರು. ಲಕ್ಷ್ಮಿಗೆ ಇರುವುದು ನಾನೊಬ್ಬನೇ ಅಣ್ಣ. ಅಂದರೆ ಇಡೀ ಶಾಸ್ತ್ರಕ್ಕೆ ಇದ್ದದ್ದು ಒಂದೇ ಜೊತೆ ತೊಡೆ!

"ಅಣ್ಣ, ಬುಧವಾರ ಇಟ್ಕೊಂಡಿದೀವಿ. ಹನ್ನೆರಡಕ್ಕೆ ರಾಹುಕಾಲ ಬತ್ತದೆ, ಅದಕ್ಕೆ ಮುಂಚೆನೇ ಮುಗೀಬೇಕು," ಎಂದು ಫೋನಿನಲ್ಲಿ ಹೇಳಿದಳು ಲಕ್ಷ್ಮಿ.

"ಹತ್ತೂವರೆಗೇ ಇರ್ತೀನಿ. ನಿನ್ನ ಮಗಳ ಸೀರು ಮಿಲಿಟರಿ ಜೀಪಲ್ಲೇ ಬರುತ್ತೆ!"

ಆ ಕಡೆ ಫೋನನ್ನು ಮಾದೇಶ ಕಿತ್ತುಕೊಂಡ. "ಬಾವ, ಬಸ್ಸಲ್ಲಿ ಬಂದ್ಬುಡಿ. ನಿಮ್ಮ ಜೀಪು ಕೆಲಮಂಗಲನೂ ದಾಟಾಕಿಲ್ಲ."

ಆ ಮಾತು ನನಗೆ ನಾಟಿತು. ಬಸ್ಸಿನಲ್ಲಿ ಹೋಗುವುದಾದರೆ ಸೋದರಮಾವ ಎಂದು ಹೇಳಿಕೊಳ್ಳುವುದನ್ನೇ ಬಿಡುತ್ತೇನೆ ಎಂದು ಸರೋಜಳ ಮುಂದೆ ಶಪಥ ಮಾಡಿದೆ. ಅವಳು ಬಸ್ಸಿನ ವೇಳೆ ಬರೆದುಕೊಂಡಳು.

ಇಡೀ ಇಂಜಿನ್ನಿನಲ್ಲಿ ಆಗ ನನಗೆ ಅನುಮಾನವಿದ್ದದ್ದು ಒಂದೇ ಭಾಗದ ಮೇಲೆ. ಅದರ ಹೆಸರು ಪಾಯಿಂಟು. ಕಡಲೆಬೀಜದಷ್ಟು ದೊಡ್ಡದು. ಅದರಲ್ಲಿ ಎರಡು ಸಣ್ಣ ಗುಂಡಿಗಳಿರುತ್ತವೆ. ಅವೆರಡೂ ಕೂಡಿ ಬಿಟ್ಟು, ಕೂಡಿ ಬಿಟ್ಟು ಮಾಡಿದರೆ ಕಿಡಿ ಹುಟ್ಟಿ ಜೀಪು ಓಡುತ್ತದೆ. ನಡುವೆ ಏನಾದರೂ ಅಡ್ಡ ಬಂದರೆ ಜೀಪು ನಿಲ್ಲುತ್ತದೆ. ಹಳೆಯದು ಸವೆದಿತ್ತು. ಹಸಿರು ಡಬ್ಬಿಯಲ್ಲಿ ಹೊಸದನ್ನು ತರಿಸಿದೆ. ಮುನಿರತ್ನಣ್ಣ ಭೂತಗನ್ನಡಿ ಹಿಡಿದು ನೋಡಿದ, ಉಜ್ಜಿ ನೋಡಿದ, ಹಾಕಿದ, ಎರಡು ದಿನ ಓಡಿಸಿದ.

"ಪರವಾಗಿಲ್ಲ ಸಾರ್, ಇದು ಚೆನ್ನಾಗೈತೆ. ಆದ್ರೂ ಹಳೇದನ್ನ ಕಾಗದದಲ್ಲಿ ಸುತ್ತಿ ಕೊಡ್ತೀನಿ, ಗಾಡೀಲಿ ಇಟ್ಕಳಿ. ಘಾಟಿಯಲ್ಲಿ ಬೇಕಾಯ್ತದೆ."

"ಬೇಡ. ನಂಬಿದ ಮೇಲೆ ಪೂರ್ತಿ ನಂಬಬೇಕು."

"ನಂಬಿ ಸಾರ್. ಕಿಸೆಯಲ್ಲಿ ಇಟ್ಕೊಂಡು ನಂಬಿ."

ನಾನು ಇಟ್ಟುಕೊಳ್ಳಲಿಲ್ಲ.

ಬುಧವಾರ ಬೆಳಿಗ್ಗೆ ಆರಕ್ಕೆ ಜೀಪಿಗೆ ಪೂಜೆಯಾಯಿತು. ಸರೋಜ ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಒಳಗೆ ಹೋದಳು. ಆಗ ನನಗೊಂದು ವಿಚಾರ ಹೊಳೆಯಿತು. ಈವರೆಗೆ ಕೆಟ್ಟದ್ದೆಲ್ಲ ಒಳಗಿನ ಭಾಗಗಳು. ಪೂಜೆ ನಡೆದದ್ದೆಲ್ಲ ಹೊರಗೆ! ಇಂಥ ದೊಡ್ಡ ಲೋಪ ಇಷ್ಟು ದಿನ ನನ್ನ ಗಮನಕ್ಕೆ ಬಾರದೆ ಹೋಯಿತಲ್ಲ ಎಂದು ನೊಂದು, ಬಾನೆಟ್ ಎತ್ತಿ, ಮುಚ್ಚಳ ತೆಗೆದು, ಪರದೇಶದ ಪಾಯಿಂಟಿಗೂ ಭಕ್ತಿಯಿಂದ ಅರಿಶಿನ ಕುಂಕುಮ ಏರಿಸಿ, ಕೈಮುಗಿದು, ಮುಚ್ಚಳ ಹಾಕಿದೆ. ಅದು ನಮ್ಮ ಮನೆಯ ಸದಸ್ಯನಾದ ಹಾಗೆ ಅನ್ನಿಸಿತು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ನಾವು ಹೊರಟೆವು.

ಕೆಲಮಂಗಲ ದಾಟಿತು! ಸಂತೆಬೀದಿಯಲ್ಲಿ ಜನ ನಿಂತು ನೋಡಿದರು. ಒಬ್ಬ ಅಜ್ಜ ಸೆಲ್ಯೂಟ್ ಹೊಡೆದ. ನಾನು ವಾಪಸು ಹೊಡೆದೆ. ಸರೋಜ ತಟ್ಟೆಗಳನ್ನು ಹಿಡಿದುಕೊಂಡು, "ಸ್ಟೀರಿಂಗ್ ಹಿಡ್ಕೊಳ್ರೀ," ಎಂದಳು. ಡೆಂಕಣಿಕೋಟೆಯಲ್ಲಿ ಕಡ್ಡಿ ಇಳಿಬಿಟ್ಟು ನೋಡಿ ಪೆಟ್ರೋಲ್ ಹಾಕಿಸಿದೆವು. ಕಾಡಿನ ಘಾಟಿಯನ್ನು ಜೀಪು ಗುರುಗುಟ್ಟುತ್ತಾ ಇಳಿಯಿತು. ಅಂಚೆಟ್ಟಿಯಲ್ಲಿ ಕಾಫಿ ಕುಡಿದು ಮಾದೇಶನಿಗೆ ಫೋನ್ ಮಾಡಿ, "ಕೆಲಮಂಗಲ ಅಲ್ಲಪ್ಪ, ಅಂಚೆಟ್ಟಿನೇ ಬಂತು," ಎಂದೆ. ಜೀವನದಲ್ಲಿ ಅಷ್ಟು ರುಚಿಯಾದ ಕಾಫಿ ನಾನು ಕುಡಿದಿಲ್ಲ.

ಅಂಚೆಟ್ಟಿ ಬಿಟ್ಟು ಎರಡು ಏರು ಹತ್ತಿರಬಹುದು. ಜೀಪು ಒಮ್ಮೆ ಕೆಮ್ಮಿತು. ಆಮೇಲೆ ಎರಡು ಸಲ ಕೆಮ್ಮಿತು. ಮೂರನೆಯ ಏರಿನ ನಟ್ಟನಡುವೆ, ಇನ್ನು ಸಾಕು ಎನ್ನುವ ಹಾಗೆ ನಿಂತೇಬಿಟ್ಟಿತು. ಗಂಟೆ ಹತ್ತು.

ಸ್ವಿಚ್ ತಿರುಗಿಸಿದೆ. ಹ್ಯಾಂಡಲ್ ಹಾಕಿ ತಿರುಗಿಸಿದೆ. ಬಾನೆಟ್ ಎತ್ತಿ, ಪರೀಕ್ಷೆಯ ಕೊಠಡಿಯಲ್ಲಿ ನಡೆದಾಡುವ ಮೇಲ್ವಿಚಾರಕನಂತೆ ಕೈ ಹಿಂದೆ ಕಟ್ಟಿಕೊಂಡು ಸುತ್ತಲೂ ನೋಡಿದೆ. ಪೆಟ್ರೋಲ್ ಇತ್ತು, ಕಡ್ಡಿ ಸಾಕ್ಷಿ. ಕಿಡಿ ಮಾತ್ರ ಇರಲಿಲ್ಲ.

"ಪಾಯಿಂಟು! ಹಾಳಾದ ಪರದೇಶದ ಪಾಯಿಂಟು! ಮತ್ತೆ ಮೋಸ ಮಾಡಿದರು ಸರೋಜ!"

ಹಿಂದಿನಿಂದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಕೊಂಡು, ಗಾಡಿ ಪಕ್ಕಕ್ಕೆ ತಳ್ಳು ಎಂದು ತಮಿಳಿನಲ್ಲಿ ಕೂಗಿದ: "ಯೋವ್ ಮಿಲಿಟರಿ, ವಂಡಿಯ ಓರಮಾ ತಳ್ಳುಯ್ಯಾ!" ಬಸ್ಸಿನ ಗಂಡಸರೆಲ್ಲ ಇಳಿದು ಜೀಪನ್ನು ರಸ್ತೆ ಪಕ್ಕದ ಹುಣಸೆ ಮರದಡಿಗೆ ತಳ್ಳಿದರು. ಸರೋಜ ತಟ್ಟೆಗಳನ್ನು ಒಂದೊಂದಾಗಿ ಬಸ್ಸಿಗೆ ಏರಿಸತೊಡಗಿದಳು.

"ಬನ್ನಿ ಹತ್ತಿ."

"ನಾನು ಬರಲ್ಲ. ಜೀಪಲ್ಲೇ ಬರ್ತೀನಿ ಅಂತ ಮಾತು ಕೊಟ್ಟಿದೀನಿ. ಹತ್ತು ನಿಮಿಷ, ರಿಪೇರಿ ಮಾಡ್ಕೊಂಡು ಹಿಂದೇನೇ ಬಂದೆ."

"ರೀ, ಶಾಸ್ತ್ರಕ್ಕೆ ಬೇಕಾಗಿರೋದು ನಿಮ್ಮ ತೊಡೆ. ಜೀಪಲ್ಲ!"

ಬಸ್ಸಿನ ತುಂಬ ನಗು. ತಮಿಳಿನವರಿಗೆ ಪಕ್ಕದವರು ತಮಿಳಿನಲ್ಲಿ ಹೇಳಿದ ಮೇಲೆ ಇನ್ನೊಂದು ಸುತ್ತು ನಗು. ಅಷ್ಟು ಜನರ ಮುಂದೆ ಈಗ ಹತ್ತಿದರೆ ಮಾನ ಉಳಿಯುತ್ತದೆಯೇ? ನಾನು ಅಲುಗಲಿಲ್ಲ. ಬಸ್ಸು ಹೋಯಿತು, ಹೆಂಡತಿ ಹೋದಳು, ಸೀರೂ ಹೋಯಿತು. ತಿರುವಿನಲ್ಲಿ ಬಸ್ಸು ಮರೆಯಾದ ಮೇಲೆ ಅಂಗಿ ಜೇಬು ಮುಟ್ಟಿ ನೋಡಿಕೊಂಡೆ. ಓಲೆಯ ಡಬ್ಬಿ ನನ್ನ ಹತ್ತಿರವೇ ಉಳಿದಿತ್ತು!

ಹತ್ತು ನಿಮಿಷ ಅರ್ಧ ಗಂಟೆಯಾಯಿತು. ರಿಪೇರಿ ಎಂದರೆ ನಾನು ಮಾಡಿದ್ದಿಷ್ಟು: ಸಿಕ್ಕ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ, ಆಮೇಲೆ ಅವನ್ನೇ ಸಡಿಲ ಮಾಡಿದೆ. ಪಾಯಿಂಟಿನ ಮುಚ್ಚಳವನ್ನು ಮಾತ್ರ ಸಿಟ್ಟಿನಿಂದ ಮುಟ್ಟಲೂ ಇಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಬಾನೆಟ್ ಮೇಲೆ ಹತ್ತಿ ನಿಂತರೆ ಎರಡು ಗೆರೆ ಬರುತ್ತಿತ್ತು. ಅಲ್ಲೇ ನಿಂತು ಮುನಿರತ್ನಣ್ಣನಿಗೆ ಮಾಡಿದೆ, ಅವನು ಎತ್ತಲಿಲ್ಲ. ಆಗ ನನ್ನ ಸಿಟ್ಟೆಲ್ಲ ಆ ಅಂಗಡಿಯ ಮೇಲೆ ತಿರುಗಿತು. ಬಾನೆಟ್ ಮೇಲೆ ನಿಂತೇ ಅವರಿಗೆ ಉದ್ದನೆಯ ದೂರು ಬರೆದೆ. ನಿಮ್ಮ ಪಾಯಿಂಟಿನಿಂದಾಗಿ ಒಂದು ಹೆಣ್ಣುಮಗುವಿನ ಕಿವಿ ಅನಾಥವಾಗಿದೆ, ಒಂದು ಕುಟುಂಬದ ಮಾನ ಬೀದಿಯಲ್ಲಿ ನಿಂತಿದೆ, ನೀವು ಯಾವ ಮುಖ ಇಟ್ಟುಕೊಂಡು ನಕ್ಷತ್ರದ ಡಬ್ಬಿ ಅಚ್ಚು ಹಾಕಿಸುತ್ತೀರಿ ಎಂದೆಲ್ಲ ಕೇಳಿದೆ. ಕಳಿಸಿದ ಮೇಲೆ ಮನಸ್ಸು ಹಗುರಾಯಿತು. ಜೀಪು ಹಾಗೇ ಇತ್ತು.

ಹನ್ನೊಂದಾಯಿತು. ನೆರಳಿನಲ್ಲಿ ಒಬ್ಬನೇ ಕೂತಾಗ ಹಟ ಸ್ವಲ್ಪ ಇಳಿಯಿತು, ಹೆದರಿಕೆ ಹತ್ತಿತು. ಅಲ್ಲಿ ಲಕ್ಷ್ಮಿ ಮಗುವಿಗೆ ಹೊಸ ಲಂಗ ಹಾಕಿ ಬಾಗಿಲು ನೋಡುತ್ತಿರುತ್ತಾಳೆ. ತವರಿನಿಂದ ಬರಬೇಕಾದವನು ನಾನೊಬ್ಬ. ಆ ಒಬ್ಬನೂ ಕಬ್ಬಿಣ ಕಾಯುತ್ತಾ ಕೂತಿದ್ದಾನೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಎದ್ದು, ಓಲೆಯ ಡಬ್ಬಿಯನ್ನು ಎದೆಗೊತ್ತಿಕೊಂಡು, ಎಂಟು ಕಿಲೋಮೀಟರ್ ನಡೆದೇ ಹೋಗುತ್ತೇನೆಂದು ಹೊರಟೆ. ಇನ್ನೂರು ಹೆಜ್ಜೆ ಹೋಗಿರಬಹುದು, ಎದುರಿನಿಂದ ತಮಟೆಯ ಸದ್ದು ಕೇಳಿಸಿತು.

ತಿರುವಿನಲ್ಲಿ ಮಾದೇಶನ ಟ್ರ್ಯಾಕ್ಟರ್ ಕಾಣಿಸಿತು. ಹಿಂದಿನ ಟ್ರೇಲರಿನಲ್ಲಿ ಲಕ್ಷ್ಮಿ, ಅವಳ ಕಂಕುಳಲ್ಲಿ ಮಗು, ಅದರ ಪಕ್ಕ ಸರೋಜ, ಸರೋಜಳ ಮಡಿಲಲ್ಲಿ ಅದೇ ತಟ್ಟೆಗಳು. ಒಂದು ಮೂಲೆಯಲ್ಲಿ ಸಣ್ಣ ಪೆಟ್ಟಿಗೆ ಹಿಡಿದು ಕೂತಿದ್ದ ಅಂಚೆಟ್ಟಿಯ ಅಕ್ಕಸಾಲಿ ಸುಬ್ಬಾಚಾರಿ. ಉಳಿದ ಜಾಗದಲ್ಲೆಲ್ಲ ನಾಟ್ರಾಂಪಾಳ್ಯದ ನೆಂಟರು ಮತ್ತು ತಮಟೆಯವರು.

"ಎಲ್ಲಿಗ್ ಹೊಂಟೆ ಅಣ್ಣ?" ಎಂದಳು ಲಕ್ಷ್ಮಿ.

"ನಿಮ್ಮ ಮನೆಗೇ ಕಣಮ್ಮ. ನಡ್ಕೊಂಡೇ..."

"ಜೀಪಲ್ಲಿ ಬತ್ತೀನಿ ಅಂದ್ಯಲ್ಲ? ಹೋಗಿ ಜೀಪಲ್ಲಿ ಕೂತ್ಕೋ. ತೊಡೆ ಬರ್ದೇ ಇದ್ರೆ ಏನಾಯ್ತು, ಕಿವಿನೇ ತೊಡೆ ಹತ್ರ ಬಂದೈತೆ." ನನ್ನ ಹಟ ನನಗೊಬ್ಬನಿಗೇ ಬಂದದ್ದಲ್ಲ, ಅದು ನಮ್ಮ ಅಪ್ಪನ ಕಡೆಯಿಂದ ಇಬ್ಬರಿಗೂ ಸಮನಾಗಿ ಹಂಚಿಕೆಯಾಗಿದೆ ಎಂದು ಆಗ ಅರಿವಾಯಿತು.

ಹುಣಸೆ ಮರದಡಿ, ಜೀಪಿನ ಡ್ರೈವರ್ ಸೀಟಿನಲ್ಲಿ ನಾನು ಕೂತೆ. ಮಗು ನನ್ನ ತೊಡೆ ಮೇಲೆ ಕೂತು ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿಯಿತು. ತಟ್ಟೆಗಳನ್ನು ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿದರು. ಸುಬ್ಬಾಚಾರಿ ಬಂಗಾರದ ತಂತಿ ತೆಗೆದು ಒರೆಸಿದ. ತಂತಿ ಕಿವಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಮಗು ಸ್ಟೀರಿಂಗಿನ ನಡುವಿನ ಗುಂಡಿಯನ್ನು ಗುದ್ದಿತು.

ಪೋಂ...!

ಇಷ್ಟು ದಿನ ಯಾರಿಗೂ ಬಾಯಿ ಬಿಡದ ರಣರಂಗದ ಹಾರನ್ ಮೊರೆಯಿತು. ತಮಟೆಯವರು ಬೆಚ್ಚಿ ನಿಲ್ಲಿಸಿದರು. ಮಗು ಅಳುವುದನ್ನು ಮರೆತು ನಕ್ಕಿತು. ಇನ್ನೊಂದು ಕಿವಿಗೂ ಅದೇ ಉಪಾಯ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಎರಡೂ ಓಲೆ ಕಿವಿಯಲ್ಲಿದ್ದವು. ಲಕ್ಷ್ಮಿ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ, ಕೈ ಖಾಲಿ ಇರಲಿಲ್ಲ.

ಸಂಭ್ರಮ ಮುಗಿದ ಮೇಲೆ ನಾನು ಎಲ್ಲರಿಗೂ ಪರದೇಶದ ಮೋಸದ ಕುರಿತು ಒಂದು ಭಾಷಣ ಮಾಡಿದೆ. ರಬ್ಬರ್ ಹಾಳೆಯಿಂದ ಹಿಡಿದು ಪಾಯಿಂಟಿನವರೆಗೆ ಒಂದನ್ನೂ ಬಿಡಲಿಲ್ಲ. ನೆಂಟರು ಅಯ್ಯೋ ಪಾಪ ಎಂದರು. ಮಾದೇಶ ಕೂಡ ತಲೆಯಾಡಿಸಿ, "ಬಾವನ್ ತಪ್ಪೇನಿಲ್ಲ ಬುಡಿ, ಸಾಮಾನೇ ಸರಿಯಿಲ್ಲ," ಎಂದ. ನನ್ನ ಎದೆ ಉಬ್ಬಿತು.

ಸುಬ್ಬಾಚಾರಿ ಪೆಟ್ಟಿಗೆ ಮುಚ್ಚುತ್ತಿದ್ದವನು, "ಆ ಪಾಯಿಂಟು ಅಂದ್ರೆ ಯಾವ್ದು ಮೇಷ್ಟ್ರೆ? ಸಣ್ಣ ಸಾಮಾನಾದ್ರೆ ಒಸಿ ನೋಡಾನ," ಎಂದ. ಮುಚ್ಚಳ ತೆಗೆದು ತೋರಿಸಿದೆ. ಅವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಅವನ ಬೆರಳ ತುದಿ ಕೆಂಪಗಿತ್ತು.

"ಸಾಮಾನು ಚೊಕ್ಕವಾಗೈತೆ. ಎಲ್ಲೂ ಸವೆದಿಲ್ಲ, ಒಡೆದಿಲ್ಲ. ನಡುವೆ ಪುಡಿ ಕೂತೈತೆ ಅಷ್ಟೇಯ. ಮೇಷ್ಟ್ರೆ, ಇದರೊಳಕ್ಕೆ ಅರಿಶಿನ ಕುಂಕುಮ ಇಕ್ಕಿದ್ದು ಯಾರು?"

ಎಲ್ಲರೂ ಸರೋಜಳ ಕಡೆ ನೋಡಿದರು. ಸರೋಜ ನನ್ನ ಕಡೆ ನೋಡಿದಳು. ನಾನು ಹುಣಸೆ ಮರದ ಕಡೆ ನೋಡಿದೆ.

ಬೆಳಿಗ್ಗೆ ಹಸಿಯಾಗಿ ಅಂಟಿಕೊಂಡಿದ್ದದ್ದು ಇಂಜಿನ್ನಿನ ಬಿಸಿಗೆ ಒಣಗಿ, ಉದುರಿ, ಆ ಎರಡು ಗುಂಡಿಗಳ ನಡುವೆ ಸೇರಿಕೊಂಡಿತ್ತು. ಸುಬ್ಬಾಚಾರಿ ಓಲೆ ಒರೆಸುವ ಬಟ್ಟೆಯಿಂದ ಒಮ್ಮೆ ಒರೆಸಿ, ಉಫ್ ಎಂದು ಊದಿದ. "ಮೂರನೇ ಕಿವೀನೂ ಆಯ್ತು. ತಿರುಗಿಸಿ ಈಗ." ಜೀಪು ಒಂದೇ ಏಟಿಗೆ ಹೊರಟಿತು. ನಾಟ್ರಾಂಪಾಳ್ಯದವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ತಮಟೆ ಮುಂದೆ, ಜೀಪು ಹಿಂದೆ. ಹಾದಿಯುದ್ದಕ್ಕೂ ಟ್ರೇಲರಿನಿಂದ ಕೇಳಿಬರುತ್ತಿದ್ದ ನಗು ಮಾತ್ರ ಮೆರವಣಿಗೆಯದಲ್ಲ.

ಮರುದಿನ ಅಂಗಡಿಯಿಂದ ಉತ್ತರ ಬಂತು. ಈ ಸಲ ಖಾತರಿಯ ಮಾತೇ ಇರಲಿಲ್ಲ. ಮಗುವಿನ ಕಿವಿಯ ವಿಷಯ ಓದಿ ತಮ್ಮ ಸಿಬ್ಬಂದಿಯೆಲ್ಲ ಬಹಳ ನೊಂದಿದ್ದಾರೆಂದೂ, ತಪ್ಪು ಸಂಪೂರ್ಣ ತಮ್ಮದೆಂದೂ, ಹೊಸ ಪಾಯಿಂಟನ್ನು ಉಚಿತವಾಗಿ ಕಳಿಸುತ್ತಿರುವುದಾಗಿಯೂ ಬರೆದಿದ್ದರು. ಈವರೆಗೆ ಕಳಿಸಿದ ಒಂದೇ ಒಂದು ಒಳ್ಳೆಯ ಸಾಮಾನಿಗೆ ನನ್ನ ದೆಸೆಯಿಂದ ಅವರು ಹೀಗೆ ಕ್ಷಮೆ ಕೇಳಬೇಕಾಯಿತು! ಸತ್ಯ ಬರೆದು ತಿಳಿಸೋಣವೆಂದು ಕೂತೆ. ಕುಂಕುಮಕ್ಕೆ ಇಂಗ್ಲಿಷಿನಲ್ಲಿ ಏನೆಂದು ಬರೆಯುವುದು, ಅದನ್ನು ಇಂಜಿನ್ನಿಗೇಕೆ ಹಾಕಿದೆ ಎಂದು ಹೇಗೆ ವಿವರಿಸುವುದು ಎಂದು ಯೋಚಿಸುತ್ತಾ ಇನ್ನೂ ಕೂತೇ ಇದ್ದೇನೆ.

ಹಸಿರು ಡಬ್ಬಿ ಬಂದು ಟಿವಿ ಪಕ್ಕದಲ್ಲಿದೆ. ಅದಕ್ಕೂ ಮೊದಲೇ ಸರೋಜ ದೇವರ ಮನೆಯ ಕುಂಕುಮದ ಭರಣಿಯನ್ನು ನನ್ನ ಕೈಗೆ ಎಟುಕದ ಹಾಗೆ ಅಟ್ಟದ ಮೇಲೆ ಎತ್ತಿಟ್ಟಿದ್ದಾಳೆ.